ಮುಂಬೈ ಮುಳುಗಿಲ್ಲ ಕಣ್ರೀ, ನನ್ನ ಲೋಕಲ್ 20 ನಿಮಿಷ ಲೇಟು, ಅಷ್ಟೇ

ಮಂಗಳವಾರ ಬೆಳಿಗ್ಗೆ ಡೊಂಬಿವಲಿಯಿಂದ ಹತ್ತಿದ ಫಾಸ್ಟ್ ಲೋಕಲ್ ರೈಲು. ಜೇಬಿಗೆ ಕೈ ಹಾಕೋಕೂ ಜಾಗ ಇಲ್ಲ. ಕುರ್ಲಾ ಹತ್ತಿರ ಗಾಡಿ ನಿಂತಾಗ ಹೇಗೋ ಫೋನ್ ತೆಗೆದೆ. ಅಮ್ಮನ 7 ಮಿಸ್ಡ್ ಕಾಲ್. ವಾಪಸ್ ಮಾಡಿದರೆ ಕುಂದಾಪುರದಲ್ಲಿ ಅವಳು ಅಳ್ತಿದ್ದಾಳೆ. "ಎಲ್ಲಿದ್ದೀ ಮಗಾ? ಮುಂಬೈ ಮುಳುಗಿತಂತಲ್ಲ!"

ಪಕ್ಕದವನ ಟಿಫಿನ್ ಡಬ್ಬಿ ಪಕ್ಕೆಗೆ ಚುಚ್ಚುತ್ತಿತ್ತು. ಅದು ಬಿಟ್ಟರೆ ನನಗೇನೂ ಆಗಿರಲಿಲ್ಲ.

ಚಿಕ್ಕಮ್ಮ ಕಳಿಸಿದ ಲಿಂಕ್ ಅಂತೆ. ತೆರೆದು ನೋಡಿದೆ. "ಮುಳುಗಿತು ಮುಂಬೈ! ಲೋಕಲ್‌ನಲ್ಲಿದ್ದವರ ಗತಿ ಏನಾಯ್ತು ಗೊತ್ತಾ?" ಗೊತ್ತು ಮಾರಾಯ, ಆ ಲೋಕಲ್‌ನಲ್ಲೇ ನಿಂತಿದ್ದೇನೆ! ಫೋಟೋದಲ್ಲಿ ಕಿಟಕಿವರೆಗೆ ನೀರು, ಹಳದಿ-ಕಂದು ಬಣ್ಣದ ಗಾಡಿ. ಆ ಬಣ್ಣದ ಗಾಡಿಗಳು ನಮ್ಮ ಲೈನಿನಿಂದ ಹೋಗಿ ಎಷ್ಟೋ ವರ್ಷ ಆಯ್ತು. 2005ರ ಜುಲೈ 26ರ ಫೋಟೋನೇ ಇರಬೇಕು. ಅವತ್ತು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ. ನಾನು ಹಳಿ ಮೇಲೆ ನಡೆದು ಮನೆ ಸೇರಿದವನು. ಅಮ್ಮನಿಗೆ ಎರಡು ದಿನ ಫೋನ್ ಸಿಕ್ಕಿರಲಿಲ್ಲ. ಆ ಭಯದ ಮೇಲೇ ಕೈ ಇಟ್ಟಿದ್ದಾರೆ, ಪಾಪಿಗಳು.

ಒಳಗೆ ಸುದ್ದಿ? ಎರಡು ಜಾಹೀರಾತು, ಒಂದು ಜ್ಯೋತಿಷ್ಯ ದಾಟಿ ಕೊನೇ ಸಾಲಿನಲ್ಲಿ: ಸಯನ್-ಕುರ್ಲಾ ನಡುವೆ ಹಳಿ ಮೇಲೆ ನೀರು, ಗಾಡಿಗಳು ತಡ. ಅಯ್ಯೋ, ಇದೇ ಅಲ್ವಾ ತಲೆಬರಹ! ಇದನ್ನೇ ಮೇಲೆ ಹಾಕಿದ್ದರೆ ಅಮ್ಮ ಬಿಪಿ ಮಾತ್ರೆ ಹುಡುಕುತ್ತಿರಲಿಲ್ಲ.

ಜೋರು ಮಳೆ ಹೊತ್ತಿಗೇ ಸಮುದ್ರದಲ್ಲಿ ಭರತ, ಅಂದರೆ ಉಬ್ಬರ, ಇದ್ದರೆ ಊರಿನ ನೀರು ಹೊರಗೆ ಹೋಗಲ್ಲ. ಹಿಂದ್‌ಮಾತಾ, ಸಯನ್‌ನಂಥ ತಗ್ಗು ಜಾಗಗಳು ತುಂಬಿಕೊಳ್ಳುತ್ತವೆ. ಭರತ ಎಷ್ಟು ಗಂಟೆಗೆ ಅಂತ ಮೊದಲೇ ಲೆಕ್ಕ ಇರುತ್ತೆ. "ಮಧ್ಯಾಹ್ನ ಭರತ, ಮಳೆ ಜೋರಾದರೆ ಕುರ್ಲಾದಲ್ಲಿ ತೊಂದರೆ" ಅಂತ ಬರೆಯಿರಿ, ನಾನು ದಿನಾ ಓದ್ತೀನಿ.

ಪ್ಲಾಟ್‌ಫಾರ್ಮಿನ ಇಂಡಿಕೇಟರ್ ನೋಡಿ. ಯಾವ ಊರಿಗೆ, ಎಷ್ಟು ಹೊತ್ತಿಗೆ, ಫಾಸ್ಟಾ ಸ್ಲೋನಾ, 12 ಡಬ್ಬಿಯಾ 15 ಡಬ್ಬಿಯಾ. ಮುಗೀತು. ಅಲ್ಲಿ "ಈ ಗಾಡಿ ಎಲ್ಲಿಗೆ ಹೋಗುತ್ತೆ ಗೊತ್ತಾದ್ರೆ ಶಾಕ್ ಆಗ್ತೀರಿ" ಅಂತ ಹಾಕಿದರೆ ಜನ ಇಂಡಿಕೇಟರ್ ಕಿತ್ತು ಹಾಕ್ತಾರೆ. (ಅದೂ ಒಮ್ಮೊಮ್ಮೆ ತಪ್ಪು ತೋರಿಸುತ್ತೆ, ಬಿಡಿ. ಆದರೆ ಬೇಕಂತ ಅಲ್ಲ.)

ಶುಕ್ರವಾರ ನಿಜವಾಗಿಯೂ ಸುರಿಯಿತು. ಅದೇ ಜಾಲತಾಣದಲ್ಲಿ "ಲೋಕಲ್ ಸೇವೆ ಸ್ಥಗಿತ" ಅಂತ ಬಂತು. ನಾನು ನೋಡಿದೆ, ಸುಮ್ನೆ ಸರಿಸಿದೆ. ಠಾಣೆ ಸ್ಟೇಷನ್ನಿನಲ್ಲಿ ಮೂರು ಗಂಟೆ ಸಿಕ್ಕಿಬಿದ್ದೆ. ರಾತ್ರಿ ಅಮ್ಮನ ಫೋನ್, ದನಿ ಆರಾಮಾಗಿತ್ತು.

"ಇವತ್ತಿಂದು ಫೋನಿನ ಮಳೆಯಾ, ನಿಜದ ಮಳೆಯಾ?"

ನಿಜದ್ದೇ ಅಮ್ಮಾ. ಶೂಗೆ ಪೇಪರ್ ತುರುಕಿ ಫ್ಯಾನ್ ಕೆಳಗೆ ಇಟ್ಟಿದ್ದೇನೆ.