ಶಾಖಕ್ಕೆ ಅಷ್ಟು ಶಕ್ತಿ ಇಲ್ಲ

ಉಷ್ಣ ಮತ್ತು ಸ್ಥಿತಿಸ್ಥಾಪಕ ಚಲನೆಗಳನ್ನು ಬೆಸೆಯುವ ಸಮೀಕರಣಗಳ ಕುರಿತು ನಾನು ಓದಿದ ಲೇಖನವೊಂದು ಓದಿಸಿಕೊಂಡು ಹೋಗುತ್ತದೆ. ಆದರೆ ಆರಂಭದಲ್ಲಿದ್ದ ಹಠಾತ್ ಜಿಗಿತಗಳನ್ನೆಲ್ಲ (ಒತ್ತಡ, ತಾಪಮಾನದಂಥವು ಒಂದೇ ಜಾಗದಲ್ಲಿ ಒಮ್ಮೆಲೇ ಬದಲಾಗುವುದನ್ನು) ಶಾಖದ ಪ್ರಸರಣವು ಕ್ಷಣಮಾತ್ರದಲ್ಲಿ ಅಳಿಸಿಬಿಡುತ್ತದೆ ಎಂಬ ಅದರ ಮಾತನ್ನು ಒಪ್ಪಲಾಗದು. ಶಾಖದ ಸಮೀಕರಣ ಒಂದೇ ಇದ್ದರೆ ಅದು ನಿಜ; ಸ್ಥಿತಿಸ್ಥಾಪಕ ಅಲೆಯೂ ಜೊತೆಗೂಡಿದರೆ ಹಾಗಲ್ಲ. ನಮ್ಮ ಕುಂಬಳೆಯ ಕಡೆ ರೈಲು ಹಳಿಯ ತುದಿಗೆ ಸುತ್ತಿಗೆಯ ಏಟು ಬಿದ್ದಿತೆಂದುಕೊಳ್ಳಿ: ಉಕ್ಕಿನೊಳಗೆ ಒತ್ತಡದ ಜಿಗಿತವು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ, ಸ್ಥಿತಿಸ್ಥಾಪಕ ಅಲೆಯ ಹಾದಿಯನ್ನೇ ಹಿಡಿದು ಸಾಗುತ್ತದೆ. ಫೂರಿಯೆ ನಿಯಮವನ್ನು (ಶಾಖದ ಹರಿವು ತಾಪಮಾನದ ಇಳಿಜಾರಿಗೆ ಅನುಪಾತದಲ್ಲಿರುತ್ತದೆ ಎಂಬುದನ್ನು) ಅನುಸರಿಸುವ ಏಕಆಯಾಮದ ರೇಖೀಯ ಮಾದರಿಯಲ್ಲಿ ಶಾಖವು ಆ ಹಾದಿಯನ್ನು ಬದಲಿಸದೆ, ಜಿಗಿತದ ಎತ್ತರವನ್ನು ಮಾತ್ರ ಘಾತೀಯವಾಗಿ ಕುಗ್ಗಿಸುತ್ತದೆ. ತಾಪಮಾನದಲ್ಲಿ ಜಿಗಿತ ಕಾಣಿಸದಿದ್ದರೂ ಅದೇ ಜಾಗದಲ್ಲಿ ಅದರ ಇಳಿಜಾರು ಮುರಿದಿರುತ್ತದೆ.

ಲೇಖಕರು ಗಮನಿಸಬೇಕಿದ್ದ ಸಂಗತಿ ಇನ್ನೊಂದಿದೆ. ಈ ಕುಗ್ಗುವಿಕೆಯ ದರದಲ್ಲಿ ಉಷ್ಣವಾಹಕತೆ ಛೇದದಲ್ಲಿ ಬರುತ್ತದೆ, ಅಂದರೆ ವಾಹಕತೆ ಹೆಚ್ಚಿದಷ್ಟೂ ಜಿಗಿತ ಹೆಚ್ಚು ಕಾಲ ಬಾಳುತ್ತದೆ. ಮೊದಲ ನೋಟಕ್ಕೆ ಇದು ತಿರುವುಮುರುವಾಗಿ ತೋರುತ್ತದೆ (ತರಗತಿಯಲ್ಲಿ ಹೇಳಿದರೆ ಮಕ್ಕಳು ನಂಬುವುದೇ ಇಲ್ಲ). ಆದರೆ ಚೂಪಾದ ಅಲೆಯ ಮುಂದೆ ಶಾಖವು ಬೇಗ ಬೇಗ ಹಂಚಿಹೋದರೆ ತಾಪಮಾನದ ವ್ಯತ್ಯಾಸವೇ ಉಳಿಯದು. ಅದು ಉಳಿಯದಿದ್ದರೆ ಅಲೆಯ ಶಕ್ತಿಯನ್ನು ಹೀರುವ ದಾರಿಯೂ ಕಿರಿದಾಗುತ್ತದೆ.

ಎಲ್ಲ ದಿಕ್ಕಿಗೂ ಒಂದೇ ಗುಣವಿರುವ ಏಕರೂಪದ ಘನವಸ್ತುವಿನಲ್ಲಿ ಅಡ್ಡ ಅಲೆಗಳು (ಸಾಗುವ ದಿಕ್ಕಿಗೆ ಅಡ್ಡಲಾಗಿ ಕಣಗಳನ್ನು ಅಲುಗಿಸುವವು) ವಸ್ತುವಿನ ಗಾತ್ರವನ್ನು, ಹಾಗಾಗಿ ತಾಪಮಾನವನ್ನೂ, ಬದಲಿಸುವುದಿಲ್ಲವಾದ್ದರಿಂದ ಅವುಗಳ ಜಿಗಿತವನ್ನು ಶಾಖ ಮುಟ್ಟುವುದೇ ಇಲ್ಲ. ಇನ್ನು 1948ರಲ್ಲಿ ಇಟಲಿಯ ಗಣಿತಜ್ಞ ಕತ್ತಾನೆಯೋ ಸೂಚಿಸಿದ, ಶಾಖದ ಹರಿವು ತುಸು ತಡವಾಗಿ ಪ್ರತಿಕ್ರಿಯಿಸುವ ನಿಯಮವನ್ನು ಬಳಸಿದರೆ, ತಾಪಮಾನವೂ ಮಿತವಾದ ವೇಗದ ಅಲೆಯಾಗಿ ತನ್ನದೇ ಜಿಗಿತಗಳನ್ನು ಹೊತ್ತು ಸಾಗುತ್ತದೆ.