ರೊಕ್ಕ ಬಿಡುಗಡೆ ಆತು, ಶಾಲಿ ಮುಟ್ಟಿತಾ?

ನಿನ್ನೆ ನಮ್ಮೂರ ಶಾಲಿ ಎಸ್‌ಡಿಎಂಸಿ, ಅಂದ್ರ ಶಾಲಿ ಉಸ್ತುವಾರಿ ಸಮಿತಿ ಮೀಟಿಂಗಿಗೆ ಹೋಗಿದ್ದೆ. ರಾಯಚೂರು ಜಿಲ್ಲಾ ಮಾನ್ವಿ ಕಡಿ ಊರು, ಹೆಸ್ರು ಬ್ಯಾಡ ಬಿಡ್ರಿ. ಹೊಸಾ ಕೋಣಿ ಕಟ್ಯಾರ, ಇನ್ನಾ ಪೇಂಟಿನ ವಾಸನಿ ಹೋಗಿಲ್ಲ, ಒಳಗ ಹಣಕಿ ನೋಡಿದ್ರ ಮುರಕಲು ಬೆಂಚು, ಬಿಸಿಯೂಟದ ಅಕ್ಕಿ ಚೀಲ. ಗಣಿತಕ್ಕ ಮಾಸ್ತರಿಲ್ಲ. ಗೆಸ್ಟ್ ಟೀಚರ್ ಅಕ್ಕೋರಿಗೆ ಮೂರು ತಿಂಗಳಿಂದ ಗೌರವಧನ ಬಂದಿಲ್ಲ, ಬಸ್ಸೇನೋ ಫ್ರೀ ಐತಿ, ಮನಿ ನಡೀಬೇಕಲ್ರಿ? ಆದ್ರೂ ಠರಾವು ಬುಕ್ಕಿನ್ಯಾಗ ಖರ್ಚಿನ ಲೆಕ್ಕ ಪಕ್ಕಾ ಕೂಡೈತಿ. ನಾನೂ ಸಹಿ ಹಾಕಿ ಬಂದೆ, ಸುಳ್ಳ ಯಾಕ ಹೇಳ್ಲಿ.

ರಾತ್ರಿ ನಿದ್ದಿ ಹತ್ತಲಿಲ್ಲ, ಹಿಂದೊಮ್ಮೆ ಓದಿದ್ದ ಉಗಾಂಡಾ ಕಥಿ ನೆನಪಾತು. ವರ್ಷಗಟ್ಟಲೆ ಅಂತರ್ಯುದ್ಧದಾಗ ನಲುಗಿದ ದೇಶ ಅದು. 1991ರಿಂದ 95ರ ತನಕ ಸರ್ಕಾರ ಪ್ರೈಮರಿ ಶಾಲಿಗೆ ಅಂತ ಕಳಿಸಿದ ಅನುದಾನದಾಗ, ಅಂದ್ರ ಮಾಸ್ತರ ಪಗಾರ ಬಿಟ್ಟು, ಶಾಲಿ ಮುಟ್ಟಿದ್ದು ಸರಾಸರಿ ನೂರಕ್ಕ 13 ಮಾತ್ರ! ಬಹಳಷ್ಟು ಶಾಲಿಗೆ ಒಂದು ಪೈಸಾನೂ ಬಂದಿರ್ಲಿಲ್ಲ, ನಡುವೆ ಜಿಲ್ಲಾದವ್ರೇ ನುಂಗಿದ್ರು. ಮುಂದ ಸರ್ಕಾರ ಯಾವ ಜಿಲ್ಲಾಕ್ಕ ಎಷ್ಟು ಕೊಟ್ಟೀವಿ ಅನ್ನೋದನ್ನ ಪೇಪರಿನ್ಯಾಗ ಹಾಕಾಕ ಶುರು ಮಾಡ್ತು, ಶಾಲಿ ಗ್ವಾಡಿಗೂ ಹಚ್ಚಬೇಕು ಅಂತು. 2001ರ ಹೊತ್ತಿಗೆ ನೂರಕ್ಕ 80ರಷ್ಟು ಮುಟ್ಟಾಕ ಹತ್ತಿತ್ತು. ಪೇಪರ್ ಒಂದರಿಂದನ ಆತು ಅಂತ ಒಪ್ಪದವ್ರೂ ಅದಾರ, ಅದೇ ಟೈಮಿಗೆ ಬ್ಯಾರೆ ಸುಧಾರಣಿನೂ ನಡದಿದ್ವು. ಇರ್ಲಿ, ನಂಗಂತೂ ಆ ಗ್ವಾಡಿ ಮ್ಯಾಲಿನ ಚೀಟಿ ಬಹಳ ಹಿಡಿಸ್ತು.

ಯುದ್ಧದಾಗ ನಲುಗಿದ ಯೆಮೆನ್ ನೋಡ್ರಿ, 2016ರಿಂದ ಈಚೆಗೆ ಲಕ್ಷಕ್ಕೂ ಹೆಚ್ಚು ಮಾಸ್ತರಿಗೆ ಪಗಾರ ಸರಿಯಾಗಿ ಸಿಕ್ಕಿಲ್ಲ, ಕೂಲಿ ಮಾಡಿ ಹೊಟ್ಟಿ ಹೊರಕೋತಾರ. ಪಾಠ ಯಾರು ಮಾಡ್ಬೇಕು? ಅಫ್ಘಾನಿಸ್ತಾನದಾಗ ಅಮೆರಿಕದ ರೊಕ್ಕದ ಶಾಲಿಗಳನ್ನ ಅವರದೇ ತನಿಖೆದವ್ರು ಹುಡುಕ್ಕೊಂಡ್ ಹೋದ್ರ, ಎಷ್ಟೋ ಶಾಲಿ ಕಾಗದದಾಗ ಬರೆದ ಜಾಗದಾಗ ಇರ್ಲೇ ಇಲ್ಲ. ಬಜೆಟ್ ದೊಡ್ಡದು ಮಾಡ್ರಿ ಅಂತ ಒದರೋರಿಗೆ ನಂದೊಂದ ಮಾತು, ಮೊದ್ಲು ಪಾಠ ಮಾಡೋರ ಪಗಾರ ತಿಂಗ್ಳಿಗೆ ಸರಿಯಾಗಿ ಹಾಕ್ರಿ, ಕಟ್ಟಡ ಆಮ್ಯಾಲೆ.

ಸಿಂಧನೂರ ಗೆಳೆಯ ಒಬ್ಬ "ಬಾಂಬ್ ಬೀಳೋ ದೇಶಕ್ಕ ನಮ್ಮನ್ನ ಹೋಲಸ್ತೀಯಲ್ಲಪಾ" ಅಂದ. ಅದ ನನ್ ಸಂಕಟ. ಇಲ್ಲಿ ಬಾಂಬ್ ಇಲ್ಲ, ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371(ಜೆ) ಬಂದು ಹತ್ತು ವರ್ಷ ದಾಟೇತಿ, ಆದ್ರೂ ಎಸ್ಸೆಸ್ಸೆಲ್ಸಿ ರಿಸಲ್ಟಿನ ಪಟ್ಟಿ ಬಂತಂದ್ರ ನಾವು ಕೆಳಗಿಂದ ಹುಡುಕ್ತೀವಿ. ಹತ್ತಿ ಬಿಡಸೋ ಟೈಮಿಗೆ ಏಳನೇ ಕ್ಲಾಸಿನ್ಯಾಗ ಅರ್ಧ ಹುಡುಗ್ರು ಹೊಲದಾಗ ಇರ್ತಾರ, ಹಾಜರಿ ಪುಸ್ತಕದಾಗ ಮಾತ್ರ ಎಲ್ಲಾರೂ ಇರ್ತಾರ.

ನಾಳೆ ಆ ಠರಾವಿನ ಪುಟದ ಜೆರಾಕ್ಸ್ ತಗೊಂಡು ಕಿರಾಣಿ ಅಂಗಡಿ ಗ್ವಾಡಿಗೆ ಹಚ್ಚತೀನಿ. ಹೆಡ್ ಮಾಸ್ತರ್ ಸಿಟ್ಟಾಗಬಹುದು. ಕೆಳಗ ನನ್ ಸಹಿನೂ ಕಾಣತೈತಿ, ಕಾಣ್ಲಿ.