ದಾರಿ ಹೇಳದ ಆಟವೇ ಚೆಂದವೇ?

ಪಕ್ಕದಿಂದ ಕಾಣುವ ಚಪ್ಪಟೆ ಲೋಕದಲ್ಲಿ ಜಿಗಿಯುತ್ತ, ಹತ್ತುತ್ತ, ಹೊಸ ಶಕ್ತಿ ಸಿಕ್ಕಾಗ ಹಳೇ ಜಾಗಕ್ಕೆ ಮರಳುತ್ತ ಆಡುವ ಟೂ-ಡಿ ಆಟಗಳಿಗೆ ‘ಮೆಟ್ರಾಯ್ಡ್‌ವೇನಿಯಾ’ ಎನ್ನುತ್ತಾರೆ. ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳದೆ ಬಿಡುವುದೇ ಅವುಗಳ ರುಚಿಯೇ?

ಪರ: ಹೇಳದಿದ್ದರೇ ರುಚಿ

ಚಿತ್ರದುರ್ಗದ ಕೋಟೆಯನ್ನು ಗೈಡ್ ಇಲ್ಲದೆ ಸುತ್ತಿದವರಿಗೆ ಈ ಆಟಗಳ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಒಂದು ಬಾಗಿಲು ದಾಟಿದರೆ ಮುಂದಿನದು ನೇರಕ್ಕೆ ಕಾಣುವುದಿಲ್ಲ, ದಾರಿ ತಿರುಗಿಕೊಂಡೇ ಹೋಗುತ್ತದೆ. ಶತ್ರುವನ್ನು ತಬ್ಬಿಬ್ಬು ಮಾಡಲೆಂದೇ ಹಾಗೆ ಕಟ್ಟಿದ್ದು. ಆದರೆ ಮೇಲೆ ಹತ್ತಿ ನಿಂತು ತಿರುಗಿ ನೋಡಿದಾಗ, ಬಂದ ಸುತ್ತುಗಳೆಲ್ಲ ತಲೆಯೊಳಗೆ ಒಮ್ಮೆಗೇ ಕೂಡಿಕೊಳ್ಳುತ್ತವಲ್ಲ, ನಾನು ಈ ಆಟ ಆಡುವುದೇ ಆ ಗಳಿಗೆಗಾಗಿ.

1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಬಲಕ್ಕೆ ಓಡುವುದೇ ಕೆಲಸ, ಪರದೆ ಹಿಂದಕ್ಕೆ ಸರಿಯುವುದೇ ಇಲ್ಲ. ಮರುವರ್ಷ ಬಂದ ‘ಮೆಟ್ರಾಯ್ಡ್’ನಲ್ಲೂ ಅದೇ ಅಭ್ಯಾಸದಲ್ಲಿ ಬಲಕ್ಕೆ ಹೋದವರು ಸ್ವಲ್ಪ ದೂರದಲ್ಲೇ ತಗ್ಗಾದ ಸಂದಿಯೊಂದರ ಮುಂದೆ ನಿಲ್ಲುತ್ತಾರೆ. ನಾಯಕಿ ಸೇಮಸ್‌ಗೆ ಅದರೊಳಗೆ ತೂರಲಾಗದು. ಉಂಡೆಯಾಗಿ ಉರುಳುವ ಶಕ್ತಿ ಇರುವುದು ಆಟ ಶುರುವಾದ ಜಾಗದ ಎಡಕ್ಕೆ. ಒಂದಕ್ಷರದ ಸೂಚನೆಯಿಲ್ಲ, ಮ್ಯಾಪ್ ಮೊದಲೇ ಇಲ್ಲ. ಹಿಂದಕ್ಕೂ ಹೋಗಬಹುದು ಎಂಬುದನ್ನು ಆ ಸಂದಿಯೇ ಕಲಿಸುತ್ತದೆ. ಇಂದಿನ ಆಟವಾಗಿದ್ದರೆ ಅಲ್ಲೊಂದು ಹಳದಿ ಬಾಣ ಮಿಣುಕುತ್ತಿತ್ತು!

ಆಸ್ಟ್ರೇಲಿಯಾದ ಪುಟ್ಟ ತಂಡ ಟೀಮ್ ಚೆರ್ರಿ 2017ರಲ್ಲಿ ತಂದ ‘ಹಾಲೋ ನೈಟ್’ ಇದನ್ನು ಇನ್ನೂ ನಾಜೂಕಾಗಿ ಮಾಡಿತು. ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ಕೈಯಲ್ಲಿ ನಕ್ಷೆಯಿಲ್ಲ. ಎಲ್ಲೋ ಯಾರೋ ಗುನುಗುವುದು ಕೇಳುತ್ತದೆ, ನೆಲದಲ್ಲಿ ಕಾಗದ ಚೆಲ್ಲಿರುತ್ತದೆ. ಹುಡುಕಿಕೊಂಡು ಹೋದರೆ ಕಾರ್ನಿಫರ್ ಎಂಬ ನಕ್ಷೆಗಾರ ಸಿಗುತ್ತಾನೆ. ಕಾಸು ಕೊಟ್ಟರೆ ಅರೆಬರೆ ನಕ್ಷೆ. ಉಳಿದದ್ದು ತುಂಬಬೇಕೆಂದರೆ ಲೇಖನಿಯನ್ನು ಬೇರೆ ಕೊಳ್ಳಬೇಕು. ಅದೂ ಬೆಂಚಿನ ಮೇಲೆ ಕೂತಾಗಲೇ ತುಂಬಿಕೊಳ್ಳುವುದು. ನಾವೆಲ್ಲಿದ್ದೇವೆಂದು ತೋರಿಸುವ ದಿಕ್ಸೂಚಿಯ ತಾಯಿತ ಧರಿಸಿದರೆ ಹೊಡೆದಾಟಕ್ಕೆ ನೆರವಾಗುವ ತಾಯಿತಕ್ಕೆ ಅಷ್ಟು ಜಾಗ ಕಡಿಮೆ. ನಾನಂತೂ ಬಹಳ ದಿನ ಅದನ್ನು ತೆಗೆದಿಟ್ಟೇ ಆಡಿದೆ. ಮುಂದೆ ಮ್ಯಾಂಟಿಸ್ ಕ್ಲಾ ಸಿಕ್ಕಿ ಗೋಡೆ ಹಿಡಿದು ಏರುವ ಶಕ್ತಿ ಬಂದಾಗ, ಕತ್ತೆತ್ತಿ ನೋಡಿ ಬಿಟ್ಟುಬಂದ ಗೋಡೆಗಳು ಒಂದೊಂದೇ ನೆನಪಾಗತೊಡಗಿದವು. ಅವನ್ನೆಲ್ಲ ಆಟವೇ ಗುರುತು ಹಾಕಿ ಕೊಟ್ಟಿದ್ದರೆ ನನಗೆ ಉಳಿಯುತ್ತಿದ್ದದ್ದು ಪಟ್ಟಿಗೆ ಟಿಕ್ ಹಾಕುವ ಕೆಲಸ.

ವಿರೋಧ: ಅಲೆಸುವುದೇ ಆಟವಲ್ಲ

ಕೋಟೆಯ ಮಾತು ಬಂತಲ್ಲ, ಅಲ್ಲಿಂದಲೇ ಹಿಡಿಯೋಣ. ಒನಕೆ ಓಬವ್ವನ ಕಿಂಡಿ ಎಲ್ಲಿದೆಯೆಂದು ನಾಲ್ಕು ಜನರನ್ನು ಕೇಳಿಕೊಂಡು ಹೋದವರಿಗೂ ಅದರ ಮುಂದೆ ನಿಂತಾಗ ಮೈ ಜುಮ್ಮೆನ್ನುತ್ತದೆ. ಕೇಳಿದ್ದರಿಂದ ಕಳೆದುಕೊಂಡದ್ದೇನು?

ದಾವಣಗೆರೆಯಲ್ಲಿ ಅಂಗಡಿಯ ಶಟರ್ ಎಳೆದು, ಊಟ ಮುಗಿಸಿ ಕಂಟ್ರೋಲರ್ ಹಿಡಿಯುವ ನನ್ನಂಥವರೂ ಈ ಆಟ ಕೊಳ್ಳುತ್ತೇವೆ. ಮದುವೆ ಸೀಸನ್ ಬಂತೆಂದರೆ ವಾರಗಟ್ಟಲೆ ಆಟ ಮುಟ್ಟಲಾಗುವುದಿಲ್ಲ. ಮರಳಿ ಬಂದಾಗ ಯಾವ ಗೋಡೆ, ಯಾವ ಬಾಗಿಲು? ಎರಡು ರಾತ್ರಿ ಅದೇ ಸುರಂಗಗಳಲ್ಲಿ ಸುತ್ತಿ ಕೊನೆಗೆ ಯೂಟ್ಯೂಬ್ ತೆರೆಯುತ್ತೇವೆ. ದಾರಿ ಹೇಳದ ಆಟಗಳನ್ನು ಹೊಗಳುವವರೂ ಕದ್ದುಮುಚ್ಚಿ ಮಾಡುವುದು ಇದನ್ನೇ ಅನ್ನುವುದು ನನ್ನ ಗುಮಾನಿ. ‘ಹಾಲೋ ನೈಟ್’ನಲ್ಲಿ ಸತ್ತರೆ ಹಣವೆಲ್ಲ ಸತ್ತ ಜಾಗದಲ್ಲೇ ನಮ್ಮದೇ ನೆರಳಿನ ಬಳಿ ಉಳಿಯುತ್ತದೆ, ಅದನ್ನು ಹಿಂಪಡೆಯುವ ಮೊದಲೇ ಮತ್ತೆ ಸತ್ತರೆ ಎಲ್ಲ ಹೋಯಿತು. ಸತ್ತ ಮೇಲೆ ಮತ್ತೆ ಎದ್ದೇಳುವ ಬೆಂಚಿನಿಂದ ಅದೇ ದಾರಿಯನ್ನು ಮತ್ತೆ ಮತ್ತೆ ತುಳಿಯುವುದರಲ್ಲಿ ಹುಡುಕಾಟ ಎಲ್ಲಿದೆ?

ಈ ಆಟಗಳ ಸುಖ ಬಹುಮಟ್ಟಿಗೆ ಬೆರಳ ತುದಿಯಲ್ಲಿದೆ. 2018ರ ‘ಸೆಲೆಸ್ಟ್’ನಲ್ಲಿ ಹುಡುಗಿ ಬಂಡೆಯ ಅಂಚು ದಾಟಿದ ಮೇಲೂ ಕ್ಷಣದ ಒಂದು ಚೂರು ಹೊತ್ತು ಜಿಗಿತದ ಬಟನ್ ಕೆಲಸ ಮಾಡುತ್ತದೆ. ಆಟಗಾರನ ಕೈ ತುಸು ತಡವಾದರೂ ಆಟ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅದು ಹುಡುಕಾಟದ ಆಟವಲ್ಲ, ಒಪ್ಪುತ್ತೇನೆ. ಆದರೆ ಬೆರಳಿಗೆ ಇಷ್ಟು ಕನಿಕರ ತೋರುವ ಕಸುಬುದಾರರು ನೆನಪಿನ ಶಕ್ತಿಗೆ ಮಾತ್ರ ಏಕೆ ಪರೀಕ್ಷೆ ಒಡ್ಡಬೇಕು?

ದಾರಿ ತೋರಿಸಿದರೆ ಆಟ ಸಪ್ಪೆ ಎನ್ನುವವರು 1994ರ ‘ಸೂಪರ್ ಮೆಟ್ರಾಯ್ಡ್’ ನೋಡಲಿ. ಮ್ಯಾಪ್ ಯಂತ್ರದ ಬಳಿ ಹೋದರೆ ಆ ಪ್ರದೇಶದ ನಕ್ಷೆ ಸಿಗುತ್ತದೆ, ಗುಪ್ತ ಕೋಣೆಗಳನ್ನು ಮಾತ್ರ ಬಚ್ಚಿಡುತ್ತದೆ. ಇಂದಿಗೂ ಅದರ ಮುಂದೆ ನಿಲ್ಲುವ ಆಟ ಕಡಿಮೆ. 2024ರ ‘ಪ್ರಿನ್ಸ್ ಆಫ್ ಪರ್ಷಿಯಾ: ದ ಲಾಸ್ಟ್ ಕ್ರೌನ್’ ಇನ್ನೂ ಮುಂದೆ ಹೋಯಿತು. ಹತ್ತಲಾಗದ ಗೋಡೆ ಕಂಡರೆ ಅದರ ಫೋಟೊ ತೆಗೆದು ಮ್ಯಾಪಿಗೆ ಅಂಟಿಸಬಹುದು. ಯಾವ ಗೋಡೆ ಮುಖ್ಯವೆಂದು ಆಟ ಹೇಳುವುದಿಲ್ಲ, ಆರಿಸಿಕೊಳ್ಳುವವರು ನಾವೇ. ತಿಂಗಳು ಬಿಟ್ಟು ಬಂದರೂ ಆ ಫೋಟೊ ಅಲ್ಲೇ ಇರುತ್ತದೆ. ಮೇಲಿನವರು ಕೊಂಡಾಡಿದ ಗೋಡೆಗಳ ನೆನಪು ನನಗೂ ಬೇಕು ಸ್ವಾಮಿ, ಎಲ್ಲವನ್ನೂ ತಲೆಯಲ್ಲೇ ಹೊತ್ತು ತಿರುಗಲಾರೆ ಅಷ್ಟೇ. ಮುಂದಿನ ಗುರಿಯನ್ನೂ ಗುರುತು ಹಾಕಿ ತೋರಿಸುವ ಗೈಡೆಡ್ ಮೋಡ್ ಅದೇ ಆಟದಲ್ಲಿದೆ; ಬೇಡವಾದವರು ಎಕ್ಸ್‌ಪ್ಲೊರೇಷನ್ ಮೋಡ್ ಆರಿಸಿಕೊಂಡು ಕಾಲು ಸೋಲುವವರೆಗೂ ಅಲೆಯಲಿ, ಯಾರೂ ತಡೆದಿಲ್ಲ.